ಬಾಜೂದವರ ಮಾತು

2006ರಲ್ಲಿ ನಾನು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಮೇಲಿದ್ದ ಒಂದು ಗಣಿ ಕಂಪನಿಯ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿಯಾಗಿದ್ದೆ. ಜೊತೆಗೆ ಅಲ್ಲಿನ ಶಿಕ್ಷಕರ ಸಂಘದ ಕಾರ್ಯದರ್ಶಿ. ಸಂಘ ಎಂದಕೂಡಲೇ ಬಾವುಟ, ಘೋಷಣೆ, ಮೆರವಣಿಗೆ ಎಂದು ಊಹಿಸಬೇಡಿ. ಇಪ್ಪತ್ತೆರಡು ಮಂದಿ ಮೇಷ್ಟ್ರು-ಮೇಡಂಗಳು, ಒಂದು ರಬ್ಬರ್ ಸ್ಟಾಂಪು, ಸ್ಟಾಫ್ ರೂಮಿನ ಬೀರುವಿನಲ್ಲಿ ಒಂದು ಖಾನೆ, ಅಷ್ಟೇ ನಮ್ಮ ಆಸ್ತಿ. ಆ ಸಂಘ ಹೇಗೆ ಸತ್ತಿತು ಎಂಬುದನ್ನು ಹೇಳಲು ಕೂತಿದ್ದೇನೆ. ಬೆಲ್ಲ ಸವರಿ ಹೇಳುವ ವಯಸ್ಸು ನನಗೆ ದಾಟಿದೆ.

ಮೊದಲು ಜಮಖಾನೆಯ ವಿಷಯ ಹೇಳಬೇಕು. ಶಾಲೆ ಕಟ್ಟಿಸಿದವರು ಹಳೆಯ ಕಾಲದ ಗಣಿ ಮಾಲೀಕರು. ಊರೆಲ್ಲ ಅವರನ್ನು ಸಾಹುಕಾರ್ರು ಎಂದೇ ಕರೆಯುತ್ತಿತ್ತು. ಪ್ರತಿ ವರ್ಷ ಶಾಲೆ ಶುರುವಾಗುವ ಮುನ್ನ ಸ್ಟಾಫ್ ರೂಮಿನ ಮೇಜು-ಕುರ್ಚಿ ಎತ್ತಿಸಿ, ನೆಲಕ್ಕೆ ಜಮಖಾನೆ ಹಾಸಿಸಿ, ನಮ್ಮೆಲ್ಲರ ಜೊತೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಬರುತ್ತಿತ್ತು. ಮೊದಲ ವರ್ಷ ಅವರು "ಏನೇನು ಬೇಕು ಕೇಳ್ರಿ" ಎಂದಾಗ ಒಬ್ಬರೂ ಬಾಯಿ ಬಿಡಲಿಲ್ಲವಂತೆ. ಮೇಷ್ಟ್ರ ಜಾತಿಯೇ ಹಾಗೆ. ಊರ ಮಕ್ಕಳಿಗೆ ಗದರಿ ಗದರಿ ಗಂಟಲು ದೊಡ್ಡದಾಗಿರುತ್ತದೆ, ತನ್ನ ಹೊಟ್ಟೆಯ ಮಾತು ಬಂದರೆ ಧ್ವನಿಯೇ ಹೊರಡುವುದಿಲ್ಲ. ಆಗ ಸಾಹುಕಾರರು ನಕ್ಕು, "ತಮ್ಮದು ಕೇಳಾಕ ನಾಚಿಕಿ ಬಂದ್ರ ಬಾಜೂದವರದು ಕೇಳ್ರಿ. ಅದಕ್ಕೇನು ನಾಚಿಕಿ?" ಎಂದರಂತೆ.

ಅದೇ ಪದ್ಧತಿಯಾಯಿತು. ಜಮಖಾನೆಯ ಮೇಲೆ ಯಾರೂ ತನ್ನದನ್ನು ತಾನು ಕೇಳುವಂತಿಲ್ಲ, ಪಕ್ಕದಲ್ಲಿ ಕೂತವರದನ್ನು ಕೇಳಬೇಕು. ಮುಂದೆ ಸಂಘ ನೋಂದಣಿಯಾಗಿ ಮೂರು ವರ್ಷಕ್ಕೊಮ್ಮೆ ಲಿಖಿತ ಒಪ್ಪಂದ ಬಂದರೂ ಈ ಪದ್ಧತಿ ಹಾಗೇ ಉಳಿಯಿತು. ನನ್ನ ಗಂಡ ತೀರಿಕೊಂಡ ವರ್ಷ ನನ್ನ ಬಲಕ್ಕೆ ಕೂತಿದ್ದವರು ಕನ್ನಡ ಮೇಷ್ಟ್ರು ಪಂಪಾಪತಿ, ಸಂಘದ ಅಧ್ಯಕ್ಷರು. "ಇಂದುಮತಿ ಮೇಡಂ ಇನ್ನೆರಡು ತಿಂಗಳು ಮನಿಯಾಗ ಇರ್ಲಿ ಸಾಹುಕಾರ್ರ. ಅವರ ಕ್ಲಾಸು ನಾವು ಹಂಚಿಕೊಂತೀವಿ. ಪಗಾರ ಹಿಡೀಬ್ಯಾಡ್ರಿ" ಎಂದರು. ನನ್ನ ನಾಲಿಗೆ ಸೀಳಿದರೂ ನಾನು ಅದನ್ನು ಕೇಳುತ್ತಿರಲಿಲ್ಲ. ಅವರು ಕೇಳಿದರು, ಸಿಕ್ಕಿತು.

ಸಾಹುಕಾರರೇನು ದೇವರಲ್ಲ. ಕೊಟ್ಟದ್ದಕ್ಕಿಂತ ಇಲ್ಲ ಎಂದದ್ದೇ ಹೆಚ್ಚು. ಆದರೆ ಇಲ್ಲ ಎನ್ನುವುದನ್ನು ಅವರು ಎಲ್ಲರ ಎದುರು ಎನ್ನಬೇಕಾಗಿತ್ತು, ಮಿರ್ಚಿ ಕೈಯಲ್ಲಿ ಹಿಡಿದುಕೊಂಡು. ಹಾಗೆ ಎನ್ನುವುದು ಕಷ್ಟ. ಪುಸ್ತಕದಲ್ಲಿ ಇದಕ್ಕೆ ಸಾಮೂಹಿಕ ಚೌಕಾಸಿಯ ಹಕ್ಕು ಎನ್ನುತ್ತಾರೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಮಾತಿನಂತೆ ಕೇಳುತ್ತದೆ, ನಮಗೆ ಅದು ಜಮಖಾನೆಯಾಗಿತ್ತು.

ನನ್ನ ಎಡಕ್ಕೆ ಕೂರುತ್ತಿದ್ದವಳು ಹುಲಿಗೆಮ್ಮ. ವಿಜ್ಞಾನದ ಶಿಕ್ಷಕಿ. ಅವಳ ಅಪ್ಪ ಅದೇ ಕಂಪನಿಯ ಗಣಿಯಲ್ಲಿ ಅದಿರು ಆರಿಸುತ್ತಿದ್ದವನು. ಅವಳು ನಮ್ಮ ಶಾಲೆಯಲ್ಲೇ ಕಲಿತವಳು, ನನ್ನ ಕೈಯಲ್ಲೇ ಏಟು ತಿಂದವಳು. ಬಿ.ಎಡ್. ಮುಗಿಸಿ ಅದೇ ಶಾಲೆಗೆ ಮೇಡಂ ಆಗಿ ಬಂದ ದಿನ ಅವಳ ಅಪ್ಪ ಗೇಟಿನ ಹೊರಗೆ ಚಪ್ಪಲಿ ಕಳಚಿ ನಿಂತಿದ್ದ. ಬುಕ್ಕಸಾಗರದ ಒಂದು ರೈತ ಕುಟುಂಬಕ್ಕೆ ಮದುವೆಯಾಗಿ ಹೋಗಿದ್ದಳು. ಆ ಮನೆಯಲ್ಲಿ, ಆ ಓಣಿಯಲ್ಲಿ, ಅಷ್ಟೇಕೆ ಅವಳ ಎರಡೂ ಕಡೆಯ ಬಳಗದಲ್ಲಿ ಟೀಚರ್ ಎಂದರೆ ಅವಳೊಬ್ಬಳೇ. ಅವಳ ಹೆಸರು ಹಿಡಿದು ಕರೆಯುವುದನ್ನು ಜನ ಮರೆತಿದ್ದರು. ಜಮಖಾನೆಯ ಮೇಲೆ ಅವಳ ಹೆರಿಗೆ ರಜೆ ಕೇಳಿದವಳು ನಾನು, ನೌಕರಿ ಕಾಯಂ ಮಾಡಿ ಎಂದು ಕೇಳಿದವಳೂ ನಾನೇ. ಅವಳು ನನ್ನ ಬಾಜೂದವಳು.

ಆಮೇಲೆ ಚೀನಾದವರು ನಮ್ಮ ಮಣ್ಣು ಕೊಳ್ಳತೊಡಗಿದರು. ಅದಿರಿನ ಬೆಲೆ ಗಗನಕ್ಕೇರಿತು. ಹೊಸಪೇಟೆಯ ರಸ್ತೆಗಳಲ್ಲಿ ಲಾರಿಯ ಹಿಂದೆ ಲಾರಿ, ಶಾಲೆಯ ಕರಿಹಲಗೆಯ ಮೇಲೆ ಬೆಳಿಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಕೆಂಪು. ನಿನ್ನೆ ಸೈಕಲ್ ತುಳಿದವನು ಇಂದು ದೊಡ್ಡ ಕಾರಿನಲ್ಲಿ ಕಾಲು ಚಾಚಿದ. ಸಾಹುಕಾರರು ಸತ್ತರು, ಕಂಪನಿ ಕೈ ಬದಲಾಯಿತು, ಕಂಪನಿಯ ಜೊತೆ ನಾವೂ. ಹೊಸ ಮಾಲೀಕರನ್ನು ನಾನು ಕಣ್ಣಾರೆ ಕಂಡಿಲ್ಲ. ನಾವು ಕಂಡದ್ದು ಅವರು ಬೆಂಗಳೂರಿನಿಂದ ಕಳಿಸಿದ ಆಡಳಿತಾಧಿಕಾರಿ ಮೋಹನ್ ಕುಮಾರರನ್ನು.

ಮೋಹನ್ ಕುಮಾರ್ ಒಂದು ದಿನವೂ ಧ್ವನಿ ಏರಿಸಲಿಲ್ಲ. ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು, ನೀರು ತರಿಸುತ್ತಿದ್ದರು, ಪ್ರತಿ ಮಾತಿಗೂ ದಯವಿಟ್ಟು. ಬಂದ ವಾರದಲ್ಲೇ ಅವರು ಮಾಡಿದ ಮೊದಲ ಕೆಲಸ ತಮ್ಮ ಕೋಣೆಯಿಂದ ಕುರ್ಚಿಗಳನ್ನು ಹೊರಗೆ ಹಾಕಿಸಿದ್ದು. ಅವರ ಮೇಜಿನ ಎದುರಿಗೆ ಒಂದೇ ಕುರ್ಚಿ ಉಳಿಯಿತು. ಇಬ್ಬರು ಹೋದರೆ ಒಬ್ಬರು ನಿಲ್ಲಬೇಕು. ನಾವು ಹಾಗೆ ನಿಂತೂ ನೋಡಿದೆವು, ಆಗ ಅವರೂ ಎದ್ದು ನಿಂತುಬಿಡುತ್ತಿದ್ದರು. ಎಲ್ಲರೂ ನಿಂತ ಮೇಲೆ ಎಂಥ ಮಾತುಕತೆ?

ಆ ಜೂನ್‌ನಲ್ಲಿ ಜಮಖಾನೆ ಹಾಸಲಿಲ್ಲ. ಮರುವರ್ಷ ಜನವರಿಯಲ್ಲಿ ಸುತ್ತೋಲೆ ಬಂತು. ಹಳೆಯ ಒಪ್ಪಂದ ಆ ವರ್ಷಕ್ಕೆ ಮುಗಿಯುತ್ತದೆ, ಹೊಸದನ್ನು ಸಂಘದ ಜೊತೆ ಮಾಡುವುದಿಲ್ಲ, ಬರುವ ಜೂನ್‌ನಿಂದ ಪ್ರತಿಯೊಬ್ಬ ಶಿಕ್ಷಕರೂ ಪ್ರತ್ಯೇಕವಾಗಿ ಹನ್ನೊಂದು ತಿಂಗಳ ಕಾಂಟ್ರಾಕ್ಟಿಗೆ ಸಹಿ ಹಾಕಬೇಕು. ಹನ್ನೊಂದು ತಿಂಗಳು ಏಕೆಂದರೆ ವರ್ಷ ತುಂಬಿದರೆ ಕಾಯಂ ಆಗುವ ಮಾತು ಏಳುತ್ತದೆ. ಮನೆ ಬಾಡಿಗೆಗೆ ಕೊಡುವವರಿಗೂ ಈ ಯುಕ್ತಿ ಗೊತ್ತು.

ಪಂಪಾಪತಿ ಮೇಷ್ಟ್ರು, ನಾನು, ಹುಲಿಗೆಮ್ಮ ಮೂವರೂ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಹೋದೆವು. ಅಧಿಕಾರಿ ಒಳ್ಳೆಯ ಮನುಷ್ಯ, ನಮ್ಮ ಅರ್ಜಿಯನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು: "ನಿಮ್ಮ ಸಾಲಿ ಬಸ್ಸಿನ ಡ್ರೈವರ್ ಬಂದ್ರ ಕಂಪನಿಗೆ ನೋಟೀಸ್ ಕೊಡ್ತೀನಿ. ಗಂಟಿ ಹೊಡಿಯೋ ಪ್ಯೂನ್ ಬಂದ್ರೂ ಕೊಡ್ತೀನಿ. ನೀವು ಬಂದ್ರ ಕೊಡಾಕ ಬರಂಗಿಲ್ರೀ. ಕಾನೂನಿನ ಪ್ರಕಾರ ಟೀಚರ್ ಅಂದ್ರ ಕಾರ್ಮಿಕ ಅಲ್ಲ."

"ಮತ್ತ ನಾವು ಯಾರ್ರಿ?" ಎಂದಳು ಹುಲಿಗೆಮ್ಮ.

"ನಿಮ್ಮದು ಪವಿತ್ರ ವೃತ್ತಿ ಅಂತ ಕೋರ್ಟೇ ಹೇಳೇತಿ" ಎಂದರು ಅವರು. ಹೇಳುವಾಗ ಅವರಿಗೇ ನಾಚಿಕೆಯಾದಂತಿತ್ತು. ಅವರು ಹೇಳಿದ್ದು ಸರಿ. ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ತೀರ್ಮಾನಿಸಿತ್ತು. ಎಂದರೆ, ನಮ್ಮ ಜಮಖಾನೆಗೆ ಕಾನೂನಿನ ಆಧಾರವೇ ಇರಲಿಲ್ಲ, ಅದು ನಿಂತದ್ದು ರೂಢಿಯ ಮೇಲೆ. ನಾವು ಮುಷ್ಕರ ಹೂಡಿ ಅದನ್ನು ಉಳಿಸಿಕೊಳ್ಳಬೇಕಿತ್ತು, ಇಲ್ಲವೇ ಬಿಡಬೇಕಿತ್ತು. ಫೆಬ್ರವರಿಯಲ್ಲಿ ಮುಷ್ಕರ ಹೂಡಿದೆವು. ಬೇಡಿಕೆ ಒಂದೇ: ಸಂಬಳ ಹೆಚ್ಚಿಸುವುದು ಬೇಡ, ನಮ್ಮೆಲ್ಲರ ಜೊತೆ ಒಟ್ಟಿಗೆ ಕೂತು ಮಾತಾಡಿ.

ಗೇಟಿನ ಎದುರು ಬೇವಿನ ಮರದ ಕೆಳಗೆ ಕೂತೆವು. ಒಂದು ವಾರ ಕಳೆಯುವಷ್ಟರಲ್ಲಿ ಹತ್ತನೇ ತರಗತಿಯ ಮಕ್ಕಳ ತಂದೆ-ತಾಯಂದಿರು ಬಂದರು. ಹೆಚ್ಚಿನವರು ಹೊಸಪೇಟೆಯ ಚಿತ್ತವಾಡ್ಗಿಯವರು. ಲಾರಿ ಡ್ರೈವರುಗಳು, ಗಣಿಯ ಕೆಲಸದವರು. ಅವರ ಮುಂದಾಳು ಖಾದರ್ ಭಾಯ್, ಚಿತ್ತವಾಡ್ಗಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು ಇಟ್ಟಿದ್ದವರು. ಅವರ ಮಗಳು ಶಬಾನಾ ಹತ್ತನೇ ತರಗತಿಯಲ್ಲಿದ್ದಳು.

"ಟೀಚರಮ್ಮ, ನಿಮ್ಮ ಝಗಡಾ ಬರೋಬರಿ ಐತಿ. ನಾವು ಬ್ಯಾಡ ಅನ್ನಂಗಿಲ್ಲ" ಎಂದರು ಖಾದರ್ ಭಾಯ್. "ಆದ್ರ ನಮ್ಮ ಹುಡುಗ್ರದು ಪರೀಕ್ಷಿ ಬಂತು. ಇವರು ಫೇಲ್ ಆದ್ರ ಮತ್ತ ನಾಳಿ ಗಣಿಗೇ ಹೋಗ್ತಾರ. ನನ್ನ ಶೆಡ್ ಖಾಲಿ ಮಾಡಿ ಕೊಡ್ತೀನಿ. ಅಲ್ಲಿ ಹೇಳಿಕೊಡ್ರಿ."

ಬುದ್ಧಿ ಇದ್ದ ಯಾವ ಸಂಘವೂ ಅದಕ್ಕೆ ಒಪ್ಪುವುದಿಲ್ಲ. ಪರೀಕ್ಷೆಯ ಭಯವೇ ನಮ್ಮ ಕೈಯಲ್ಲಿದ್ದ ಒಂದೇ ಕೋಲು. ಪಾಲಕರು ಹೋಗಿ ಮ್ಯಾನೇಜ್‌ಮೆಂಟಿನ ಬಾಗಿಲು ಬಡಿದರೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಲಾರಿ ಮುಷ್ಕರ ಹೂಡಿದ ಡ್ರೈವರು ರಾತ್ರಿ ಕದ್ದು ಲೋಡು ಹೊಡೆಯುತ್ತಾನೆಯೇ? ನಾವು ಹೊಡೆದೆವು. ಮಾರನೆಯ ಬೆಳಿಗ್ಗೆಯೇ ಹುಲಿಗೆಮ್ಮ ಶೆಡ್ಡಿನಲ್ಲಿ ಪಾಠ ಶುರು ಮಾಡಿದಳು, ನಾನೂ ಹೋದೆ, ಪಂಪಾಪತಿ ಮೇಷ್ಟ್ರು ಬೈಯುತ್ತಲೇ ಬಂದರು. ಲಾರಿಯ ಹಿಂಬದಿಯ ಹಲಗೆಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದರು. ಬಣ್ಣದ ಕೆಳಗೆ "ಹಾರ್ನ್ ಪ್ಲೀಸ್" ಅರೆಬರೆ ಕಾಣುತ್ತಿತ್ತು, ಅದರ ಮೇಲೆಯೇ ನಾನು ವೃತ್ತದ ಪ್ರಮೇಯ ಬರೆದೆ. ಮಕ್ಕಳು ಮರದ ಹೊಟ್ಟಿನ ಮೇಲೆ ಕೂತು ಬರೆದುಕೊಂಡರು. ಪಾಲಕರಿಗೆ ನೆಮ್ಮದಿಯಾಯಿತು. ಮ್ಯಾನೇಜ್‌ಮೆಂಟಿಗೆ ಅವರಿಗಿಂತ ಹೆಚ್ಚು ನೆಮ್ಮದಿಯಾಯಿತು. ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿ ಹಾಕಿಕೊಂಡು, ಅದು ಸರಿಯಾಗಿ ಬಿತ್ತೇ ಎಂದೂ ನೋಡಿದೆವು.

ಪರೀಕ್ಷೆಯ ಹಿಂದಿನ ದಿನ ಶೆಡ್ಡಿಗೆ ತಾಯಂದಿರು ಬಂದರು. ಹುಲಿಗೆಮ್ಮನನ್ನು ಮಣೆಯ ಮೇಲೆ ಕೂರಿಸಿ, ಅರಿಸಿನ-ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ, ಅದರ ಮೇಲೆ ಒಂದು ಸೀರೆ ಇಟ್ಟು ಉಡಿ ತುಂಬಿದರು. ನಮ್ಮ ಕಡೆ ಮನೆಮಗಳನ್ನು ಕಳಿಸುವಾಗ ಮಾಡುವ ಶಾಸ್ತ್ರ ಅದು. ಸೀರೆಯನ್ನು ಬಜಾರಿಗೆ ಹೋಗಿ ಆರಿಸಿ ತಂದವಳು ಖಾದರ್ ಭಾಯಿಯ ಹೆಂಡತಿ. ಹುಲಿಗೆಮ್ಮ ಬೇಡ ಎನ್ನಲಿಲ್ಲ. ಉಡಿ ತುಂಬಲು ಬಂದವರಿಗೆ ಬೇಡ ಎನ್ನುವುದು ಅವರ ಮುಖಕ್ಕೆ ಹೊಡೆದಂತೆ.

ಅದೇ ಶೆಡ್ಡಿನಲ್ಲಿ, ಅದೇ ಮಕ್ಕಳಿಗೆ ನಾನೂ ಪಾಠ ಹೇಳಿದ್ದೆ. ನನಗೆ ತುಂಬಲಿಲ್ಲ. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ತಾಯಂದಿರು ನನ್ನ ಮುಖ ನೋಡದೆ ಒಂದು ಲೋಟ ಚಹಾ ಕೊಟ್ಟರು. ನನಗೆ ಎದೆಯೊಳಗೆ ಮುಳ್ಳು ಮುರಿದಂತಾಯಿತು, ಸುಳ್ಳು ಹೇಳುವುದಿಲ್ಲ. ಆ ಅವಮಾನವೇ ನನ್ನ ನೌಕರಿ ಉಳಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಪರೀಕ್ಷೆ ಮುಗಿಯಿತು, ಮುಷ್ಕರವೂ ತಾನಾಗಿಯೇ ಮುಗಿಯಿತು. ರಜೆಯಲ್ಲಿ ಯಾವ ಶಾಲೆಗೆ ಹೋಗದೆ ಕೂರುವುದು? ಏಪ್ರಿಲ್‌ನಲ್ಲಿ ಹುಲಿಗೆಮ್ಮನ ಕೈಗೆ ಆಪಾದನಾ ಪತ್ರ ಬಂತು. ಒಪ್ಪಂದದ ಏಳನೇ ಕಲಮಿನ ಪ್ರಕಾರ ಶಾಲೆಯ ಮಕ್ಕಳಿಗೆ ಹೊರಗೆ ಪ್ರತಿಫಲ ಪಡೆದು ಪಾಠ ಹೇಳುವುದು ದುರ್ನಡತೆ, ಅದಕ್ಕೆ ಶಿಕ್ಷೆ ವಜಾ. ಆ ಕಲಮನ್ನು ಹಾಕಿಸಿದವರು ನಾವೇ. ಹಿಂದೊಬ್ಬ ಮೇಷ್ಟ್ರು ಟ್ಯೂಷನ್ನಿಗೆ ಬಾರದ ಮಕ್ಕಳಿಗೆ ಅಂಕ ಕಡಿಯುತ್ತಿದ್ದ, ಅವನನ್ನು ಹತ್ತಿಕ್ಕಲು ಜಮಖಾನೆಯ ಮೇಲೆ ಹಟ ಹಿಡಿದು ಹಾಕಿಸಿದ್ದೆವು. ಇಡೀ ಒಪ್ಪಂದವನ್ನು ಒಪ್ಪದ ಮ್ಯಾನೇಜ್‌ಮೆಂಟು ಅದರ ಏಳನೇ ಕಲಮನ್ನು ಮಾತ್ರ ತಲೆಯ ಮೇಲೆ ಹೊತ್ತುಕೊಂಡಿತು.

ವಿಚಾರಣೆ ಶಾಲೆಯ ಗ್ರಂಥಾಲಯದಲ್ಲಿ ನಡೆಯಿತು. ವಿಚಾರಣಾಧಿಕಾರಿ ಎಂದು ಕಂಪನಿಯವರೇ ಒಬ್ಬ ವಕೀಲರನ್ನು ಕರೆಸಿದ್ದರು. ಆಪಾದಿತರು ಜೊತೆಯ ಒಬ್ಬ ಶಿಕ್ಷಕರ ಸಹಾಯ ಪಡೆಯಬಹುದಿತ್ತು, ಆದ್ದರಿಂದ ಹುಲಿಗೆಮ್ಮನ ಬಾಜೂಕ್ಕೆ ನಾನು ಕೂತೆ. ಮ್ಯಾನೇಜ್‌ಮೆಂಟಿನ ಪರ ಸಾಕ್ಷಿ ಯಾರು ಗೊತ್ತೇ? ಖಾದರ್ ಭಾಯ್. ಬಿಳಿ ಜುಬ್ಬಾ ಹಾಕಿ, ಅತ್ತರು ಹಚ್ಚಿಕೊಂಡು ಬಂದಿದ್ದರು. ನಮ್ಮ ಪರವಾಗಿ ಮಾತಾಡಲು ಕರೆದಿದ್ದಾರೆ ಎಂದೇ ಅವರು ತಿಳಿದಿದ್ದರು.

"ಈ ಶಿಕ್ಷಕಿ ನಿಮ್ಮ ಶೆಡ್ಡಿನಲ್ಲಿ ಪಾಠ ಮಾಡಿದರೇ?" ಎಂದು ವಕೀಲರು ಕೇಳಿದರು.

"ಮಾಡಿದ್ರಾ ಅಂತ ಕೇಳ್ತೀರಲ್ಲ ಸಾಬ್! ಸಾಲ್ಯಾಗ ಮಾಡಿದ್ದಕ್ಕಿಂತ ಮಸ್ತ್ ಮಾಡಿದ್ರು. ನನ್ನ ಮಗಳಿಗೆ ಸೈನ್ಸ್ ಅಂದ್ರ ಜ್ವರ ಬರ್ತಿತ್ತು. ಈಗ ಕೇಳ್ರಿ ಆಕೀನ."

"ಅದಕ್ಕೆ ಪ್ರತಿಯಾಗಿ ನೀವೇನಾದರೂ ಕೊಟ್ಟಿರಾ?"

ನಾನು ಕೆಮ್ಮಿದೆ. ಖಾದರ್ ಭಾಯ್ ನನ್ನತ್ತ ನೋಡಿ, ನನಗೆ ನೀರು ಕೊಡಿ ಎಂದು ಪ್ಯೂನಿಗೆ ಸನ್ನೆ ಮಾಡಿದರು. ಆಮೇಲೆ ಎದೆಯುಬ್ಬಿಸಿ ಹೇಳಿದರು: "ಕೊಡದ ಇರ್ತೀವಾ? ನಾವೇನು ಹರಾಮ್‌ಖೋರ್ರಾ? ಸೀರಿ ಕೊಟ್ವಿ. ಅಂತಿಂಥಾ ಸೀರಿ ಅಲ್ಲ ಸಾಬ್, ನನ್ನ ಹೆಂಡ್ತಿನೇ ಬಜಾರಕ್ಕ ಹೋಗಿ ಆರಿಸಿ ತಂದಿದ್ದು."

ವಕೀಲರು ಬರೆದುಕೊಂಡರು. ಹುಲಿಗೆಮ್ಮನನ್ನು ಕೇಳಿದರು. ಸೀರೆ ತಗೊಂಡಿದ್ದು ನಿಜ ಎಂದಳು. ಪಂಪಾಪತಿ ಮೇಷ್ಟ್ರ ಹೆಸರು ಬಂತು, ಅವರು ಚಹಾ ಮಾತ್ರ ಕುಡಿದಿದ್ದರು. ನನ್ನ ಹೆಸರೂ ಬಂತು. "ಈ ಟೀಚರಮ್ಮಗ ಏನೂ ಕೊಟ್ಟಿಲ್ರಿ. ಅವರಿಗೆ ಕೊಡೂದು ನಿಮ್ಮ ಹೆಣ್ಮಕ್ಕಳ ಪದ್ಧತಿ ಇಲ್ಲಂತಲ್ಲ" ಎಂದರು ಖಾದರ್ ಭಾಯ್, ನನ್ನತ್ತ ಮರುಕದಿಂದ ನೋಡುತ್ತ. ಒಂದೇ ಶೆಡ್ಡು, ಒಂದೇ ಹಲಗೆ. ಮುತ್ತೈದೆ ದುರ್ನಡತೆಯವಳಾದಳು, ವಿಧವೆ ಶುದ್ಧಳಾಗಿ ಎದ್ದು ಬಂದಳು. ಹೊರಗೆ ಬಂದ ಮೇಲೆ ಪಂಪಾಪತಿ ಮೇಷ್ಟ್ರು ಖಾದರ್ ಭಾಯಿಗೆ ನಡೆದದ್ದನ್ನು ಬಿಡಿಸಿ ಹೇಳಿದರು. ಆ ದೊಡ್ಡ ಮನುಷ್ಯ ಸೈಕಲ್ ಸ್ಟ್ಯಾಂಡಿನಲ್ಲಿ ಕೂತು ಮಗುವಿನಂತೆ ಅತ್ತರು.

ಮೇ ತಿಂಗಳಲ್ಲಿ ಮೋಹನ್ ಕುಮಾರ್ ನನ್ನನ್ನು ಕರೆಸಿದರು. ಒಂದೇ ಕುರ್ಚಿ, ನೀರಿನ ಲೋಟ.

"ಹುಲಿಗೆಮ್ಮ ಅವರ ವಿಷಯ ಮುಗಿಸಿಬಿಡಬಹುದು ಮೇಡಂ. ನಮಗೆ ಯಾರ ಮೇಲೂ ದ್ವೇಷವಿಲ್ಲ. ಎಲ್ಲರೂ ಕಾಂಟ್ರಾಕ್ಟಿಗೆ ಸಹಿ ಮಾಡಿದ ದಿನ ಈ ಫೈಲು ನನಗೆ ಬೇಕಾಗುವುದಿಲ್ಲ."

"ಹಾಗೆಂದು ಬರೆದು ಕೊಡಿ" ಎಂದೆ.

"ಒಬ್ಬರ ಫೈಲಿನ ವಿಷಯ ಇನ್ನೊಬ್ಬರಿಗೆ ಬರೆದುಕೊಡುವುದು ಹೇಗೆ ಮೇಡಂ? ದಯವಿಟ್ಟು ನಂಬಿಕೆ ಇಡಿ" ಎಂದು ನಕ್ಕರು.

ಆ ಭಾನುವಾರ ಎಲ್ಲರೂ ಕಂಪ್ಲಿಯಲ್ಲಿ ಪಂಪಾಪತಿ ಮೇಷ್ಟ್ರ ಮನೆಯಲ್ಲಿ ಸೇರಿದೆವು. ಪಡಸಾಲೆಗೆ ಅವರೇ ಜಮಖಾನೆ ಹಾಸಿದ್ದರು. ಮೋಹನ್ ಕುಮಾರ್ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಆಮೇಲೆ ಮೇಷ್ಟ್ರು, "ಪದ್ಧತಿ ಪ್ರಕಾರ ಹೇಳ್ರಿ. ಬಾಜೂದವರದು" ಎಂದರು.

ಈಗಲೂ ನನಗೆ ಸಿಟ್ಟು ಬರುವುದು ಆ ಘಳಿಗೆಯ ಮೇಲೆ. ಬೇರೆ ಯಾವುದೇ ಸಂಘದಲ್ಲಿ ಒಬ್ಬನಾದರೂ ಎದೆ ಬಡಿದು "ನಾನು ಸಹಿ ಹಾಕಂಗಿಲ್ಲ" ಎನ್ನುತ್ತಿದ್ದ. ನಮ್ಮಲ್ಲಿ ತನ್ನ ಮಾತು ತಾನು ಆಡುವ ರೂಢಿಯೇ ಇರಲಿಲ್ಲ. ಚಿತ್ರಕಲೆಯ ಮೇಷ್ಟ್ರು ತಮ್ಮ ಪಕ್ಕದವರನ್ನು ತೋರಿಸಿ, "ಇವರಿಗೆ ಮೂರು ಹೆಣ್ಮಕ್ಕಳು. ಇವರು ಹಾಕ್ಲಿ ಬಿಡ್ರಿ" ಎಂದರು. ಅವರು ತಮ್ಮ ಪಕ್ಕದವರ ಬಗ್ಗೆ, "ಇವರ ತಾಯಿಗೆ ಡಯಾಲಿಸಿಸ್ ಐತಿ" ಎಂದರು. ಬೇಕಾದರೆ ತಾನು ಧೈರ್ಯ ಮಾಡಬಹುದು, ಪಕ್ಕದವರ ಮೇಲೆ ಧೈರ್ಯ ಹೇರುವುದು ಹೇಗೆ? ಒಬ್ಬೊಬ್ಬರೂ ಪಕ್ಕದವರಿಗೆ ದಯೆ ತೋರುತ್ತ ಹೋದರು. ಜಮಖಾನೆಯ ಸುತ್ತ ಆ ದಯೆ ಒಂದು ಸುತ್ತು ಬರುವಷ್ಟರಲ್ಲಿ ಇಪ್ಪತ್ತೊಂದು ಸಹಿಗಳು ಬಿದ್ದಂತೆಯೇ ಆಗಿತ್ತು. ನನ್ನ ಸರದಿ ಬಂದಾಗ ನಾನು ಹುಲಿಗೆಮ್ಮನನ್ನು ನೋಡಿ, "ಇವಳ ನೌಕರಿ ಉಳಿಯಬೇಕು. ಅದಕ್ಕೆ ಸಹಿ ಹಾಕುವುದಾದರೆ ಹಾಕೋಣ" ಎಂದೆ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗೂ ಒಂದು ಒಳ್ಳೆಯ ಕಾರಣ ಸಿಕ್ಕಿತ್ತು.

ಕೊನೆಗೆ ಹುಲಿಗೆಮ್ಮನ ಸರದಿ. "ನನ್ನ ಸಲುವಾಗಿ ಅಂತ ಹಾಕಬ್ಯಾಡ್ರಿ" ಎಂದಳು. "ಹಾಕೂದಾದ್ರ ನಿಮ್ಮ ನಿಮ್ಮ ಸಲುವಾಗಿ ಅಂತ ಹಾಕ್ರಿ. ನನ್ನ ಹೆಸರು ಬ್ಯಾಡ."

ಊಟಕ್ಕೆ ಕೂತವರು ಇನ್ನೊಂದು ರೊಟ್ಟಿ ಹಾಕಲು ಬಂದಾಗ ಬ್ಯಾಡ ಬ್ಯಾಡ ಎನ್ನುತ್ತಾರಲ್ಲ, ನಾವು ಅದನ್ನು ಹಾಗೆ ತೆಗೆದುಕೊಂಡೆವು. ಎಷ್ಟು ಸಂಕೋಚದ ಹುಡುಗಿ ಎಂದರು ಪಂಪಾಪತಿ ಮೇಷ್ಟ್ರು. ಅವಳು ಮೇಷ್ಟ್ರ ಹೆಂಡತಿ ತಂದ ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು, ಬುಕ್ಕಸಾಗರದ ಬಸ್ಸು ಹಿಡಿದಳು.

ಶಾಲೆ ಶುರುವಾಗುವ ಮುನ್ನಿನ ವಾರ ಒಬ್ಬೊಬ್ಬರಾಗಿ ಆ ಒಂದೇ ಕುರ್ಚಿಯಲ್ಲಿ ಕೂತು ಸಹಿ ಹಾಕಿದೆವು. ಹಾಕಿದವರಿಗೆಲ್ಲ ಮೋಹನ್ ಕುಮಾರ್ ಪೇಡಾ ಕೊಟ್ಟರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು. ನಮ್ಮ ಮಕ್ಕಳು ಒಬ್ಬರೂ ಬಿಡದೆ ಪಾಸಾಗಿದ್ದರು. ಗೇಟಿಗೆ ದೊಡ್ಡ ಬ್ಯಾನರು ಕಟ್ಟಿದ್ದರು, ಮುಷ್ಕರದ ನಡುವೆಯೂ ನೂರಕ್ಕೆ ನೂರು ಎಂದು, ಆಡಳಿತ ಮಂಡಳಿಗೆ ಅಭಿನಂದನೆ ಎಂದು. ವಿಜ್ಞಾನದಲ್ಲಿ ಶಬಾನಾಗೆ ಎಲ್ಲರಿಗಿಂತ ಹೆಚ್ಚು ಅಂಕ. ಬ್ಯಾನರಿನಲ್ಲಿ ಅವಳ ಫೋಟೋ ಇತ್ತು.

ಶಾಲೆ ಶುರುವಾದ ದಿನ ಹುಲಿಗೆಮ್ಮ ಹಾಜರಿಗೆ ಬಂದಳು. ಪ್ಯೂನು ಅವಳ ಕೈಗೆ ವಜಾ ಆದೇಶ ಕೊಟ್ಟ. ಅವಳು ಅದನ್ನು ನಿಂತಲ್ಲೇ ಓದಿ, ಮಡಿಸಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡಳು. ಪ್ರಾರ್ಥನೆಯ ಗಂಟೆ ಹೊಡೆಯಿತು. ಅಭ್ಯಾಸಬಲದಿಂದ ಒಂದು ಹೆಜ್ಜೆ ಮಕ್ಕಳ ಸಾಲಿನ ಕಡೆ ಇಟ್ಟು, ನಿಂತು, ಗೇಟಿನತ್ತ ತಿರುಗಿದಳು. ನಾವೆಲ್ಲ ಸಾಲಾಗಿ ನಿಂತು ನಾಡಗೀತೆ ಹಾಡಿದೆವು.

ಪ್ರಾರ್ಥನೆ ಮುಗಿದದ್ದೇ ನಾನು ಆ ಕೋಣೆಗೆ ನುಗ್ಗಿದೆ. ಮೋಹನ್ ಕುಮಾರ್ ಎದ್ದು ನಮಸ್ಕಾರ ಮಾಡಿದರು.

"ಮಾತು ಕೊಟ್ಟಿದ್ದಿರಿ" ಎಂದೆ. "ಹುಲಿಗೆಮ್ಮನ ಫೈಲು ಬೇಕಾಗುವುದಿಲ್ಲ ಎಂದಿದ್ದಿರಿ."

"ಬೇಕಾಗಲಿಲ್ಲ ಮೇಡಂ. ನಿನ್ನೆ ಆದೇಶ ಆಯಿತು, ಫೈಲು ಮುಚ್ಚಿತು." ಅವರು ಕುರ್ಚಿ ತೋರಿಸಿದರು. "ನೋಡಿ, ಅದು ಅವರ ಮತ್ತು ಸಂಸ್ಥೆಯ ನಡುವಿನ ವಿಷಯ. ನಿಮ್ಮದು ನಿಮ್ಮ ಮತ್ತು ಸಂಸ್ಥೆಯ ನಡುವಿನದು. ನೀವೇ ಸಹಿ ಮಾಡಿದ್ದೀರಲ್ಲ. ದಯವಿಟ್ಟು ಕೂತುಕೊಳ್ಳಿ. ನಿಮ್ಮದೇನಾದರೂ ಇದ್ದರೆ ಹೇಳಿ."

ನಾನು ನಿಂತೇ ಇದ್ದೆ. "ನಿಮ್ಮದು?" ಎಂದು ಅವರು ಮತ್ತೆ ಕೇಳಿದರು, ತುಂಬಾ ಮೆತ್ತಗೆ. ನನ್ನದು ಏನೂ ಇರಲಿಲ್ಲ. ಅಷ್ಟು ವರ್ಷ ಜಮಖಾನೆಯ ಮೇಲೆ ಕೂತವಳಿಗೆ ತನ್ನದು ಎಂದು ಕೇಳಲು ಒಂದು ಮಾತೂ ಗೊತ್ತಿರಲಿಲ್ಲ. ಎರಡನೇ ಪಿರಿಯಡ್ ನನ್ನ ತರಗತಿಯಿತ್ತು, ಹೋದೆ.

ಖಾಸಗಿ ಶಾಲೆಯ ಶಿಕ್ಷಕರನ್ನು ವಜಾ ಮಾಡಿದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಹುಲಿಗೆಮ್ಮ ಬಳ್ಳಾರಿಗೆ ಅಲೆದಳು. ಸೀರೆ ನೆಂಟರು ಕೊಟ್ಟದ್ದು ಎಂದುಬಿಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಅವಳ ವಕೀಲರೇ ಹೇಳಿದರು. "ಖಾದರ್ ಭಾಯಿ ಹೆಂಡ್ತಿ ಕೊಟ್ಟದ್ದನ್ನ ಕೊಟ್ಟಿಲ್ಲ ಅಂತ ಹೆಂಗ ಅನ್ಲಿ?" ಎಂದಳು. ಸೋತಳು. ದುರ್ನಡತೆಯ ಮೇಲೆ ವಜಾ ಆದವಳನ್ನು ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಸಂಘವನ್ನು ಯಾರೂ ಮುಚ್ಚಲಿಲ್ಲ, ಅದರ ಅಗತ್ಯವೇ ಬೀಳಲಿಲ್ಲ. ಪಂಪಾಪತಿ ಮೇಷ್ಟ್ರು ಒಂದು ದಿನ ಬೀರುವಿನ ಖಾನೆ ಖಾಲಿ ಮಾಡಿ ರಬ್ಬರ್ ಸ್ಟಾಂಪನ್ನು ಜೇಬಿಗೆ ಹಾಕಿಕೊಂಡು ಹೋದರು, ಅಷ್ಟೇ.

ನಿವೃತ್ತಳಾದ ಮೇಲೆ ಕೆಲವೊಮ್ಮೆ ಹೊಸ ಶಿಕ್ಷಕಿಯರು ಸಲಹೆ ಕೇಳಲು ಬರುತ್ತಾರೆ. ಸಂಘ ಇದ್ದರೆ ಸಂಬಳ ಎಷ್ಟು ಹೆಚ್ಚಾಗುತ್ತದೆ ಮೇಡಂ ಎನ್ನುತ್ತಾರೆ. ನನ್ನ ವೃತ್ತಿ ನನಗೆ ಕಲಿಸಿದ್ದನ್ನು ಅವರಿಗೆ ಹೇಳುತ್ತೇನೆ. ಒಟ್ಟಾಗಿ ಮಾತಾಡುವ ಹಕ್ಕು ಸಂಬಳ ಹೆಚ್ಚಿಸುವ ಹಕ್ಕಲ್ಲ, ಅದು ಪಕ್ಕದಲ್ಲಿ ಕೂತವರ ಬಗ್ಗೆ ಬಾಯಿ ತೆರೆಯುವ ಹಕ್ಕು. ಅದನ್ನು ಬಿಟ್ಟುಕೊಟ್ಟ ಮೇಲೆ ನೀವು ಎಷ್ಟೇ ಒಳ್ಳೆಯವರಾಗಿರಿ, ನಿಮ್ಮ ಒಳ್ಳೆಯತನದಿಂದ ಪಕ್ಕದವರಿಗೆ ಮೂರು ಕಾಸಿನ ಉಪಯೋಗವಿಲ್ಲ. ದಯೆಗಾಗಿ ಅದನ್ನು ಬಿಟ್ಟುಕೊಡಬೇಡಿ ಎನ್ನುತ್ತೇನೆ. ಅವರು ತಲೆಯಾಡಿಸಿ ಮತ್ತೆ ಸಂಬಳದ ಮಾತಿಗೇ ಬರುತ್ತಾರೆ.

ನನಗೆ ಇದನ್ನು ತಿದ್ದಿ ಕಲಿಸಿದವಳು ಹುಲಿಗೆಮ್ಮ. ಮೇಲ್ಮನವಿ ಸೋತ ವರ್ಷ ನಾನು ಬುಕ್ಕಸಾಗರಕ್ಕೆ ಹೋದೆ. ಗದ್ದೆಯಲ್ಲಿ ನಾಟಿ ನಡೆದಿತ್ತು. ಹೆಂಗಸರ ಸಾಲಿನಲ್ಲಿ ಅವಳೂ ಬಗ್ಗಿದ್ದಳು. ಯಾರೋ "ಟೀಚರ್, ನಿಮ್ಮ ಕಡಿ ಯಾರೋ ಬಂದಾರ" ಎಂದು ಕೂಗಿದರು, ಉಳಿದವರು ನಕ್ಕರು. ಅವಳು ಕಾಲುವೆಯಲ್ಲಿ ಕೈಕಾಲು ತೊಳೆದು ಬಂದು, "ಬರ್ರಿ ಮೇಡಂ, ಕುಂದ್ರಿ" ಎಂದು ಬದುವಿನ ಮೇಲೆ ತನ್ನ ಟವೆಲ್ ಹಾಸಿದಳು. ತಾನು ನಿಂತೇ ಇದ್ದಳು. ನಾನು ಮೊದಲಿನಂತೆಯೇ ಶುರು ಮಾಡಿದೆ. ನಿನಗೆ ಏನು ಬೇಕು ಹೇಳು, ಯಾರನ್ನು ಕೇಳಬೇಕು ಹೇಳು, ನಾನು ಕೇಳುತ್ತೇನೆ ಎಂದೆ.

"ನಂದು ಇರ್ಲಿ ಬಿಡ್ರಿ" ಎಂದಳು. ಸಿಟ್ಟಿರಲಿಲ್ಲ, ಒಂದು ಚೂರೂ ಇರಲಿಲ್ಲ. "ನಿಮ್ದು ಹೇಳ್ರಿ ಮೇಡಂ. ಪಗಾರ ಜಾಸ್ತಿ ಆತಂತಲ್ಲ?"

ಆಗಿತ್ತು. ಹೌದು ಎಂದೆ.